ಕುಲಪತಿ ಕುರ್ಚಿ: ಇಳಿಯೋ ದಿನ ಗೊತ್ತು, ಹತ್ತೋರು ಯಾರು ಗೊತ್ತಿಲ್ಲ!

ಡಿಪೋದಲ್ಲಿ ಡ್ರೈವರ್ ಒಬ್ಬರು ತಿಂಗಳ ಕೊನೇ ದಿನ ರಿಟೈರಾದರೆ ಮಾರನೇ ಬೆಳಗಿನ ಹುಣಸೂರು ಗಾಡಿ ನಿಂತು ಹೋಗುವುದಿಲ್ಲ. ಬೇರೊಬ್ಬರು ಬಂದು ಸ್ಟೇರಿಂಗ್ ಹಿಡಿಯುತ್ತಾರೆ, ಕಂಡಕ್ಟರ್ ರೈಟ್ ಅನ್ನುತ್ತಾರೆ, ಗಾಡಿ ಹೊರಡುತ್ತದೆ. ವಿಶ್ವವಿದ್ಯಾಲಯ ಅನ್ನೋ ದೊಡ್ಡ ಗಾಡಿಯ ಕಥೆ ಹಾಗಲ್ಲ. ಅದರ ಡ್ರೈವರ್ ಇಳಿಯುವ ದಿನ ನಾಲ್ಕು ವರ್ಷ ಮೊದಲೇ ಗೊತ್ತಿರುತ್ತದೆ. ಹತ್ತುವವರು ಯಾರು ಅನ್ನುವುದು ಮಾತ್ರ ಎಷ್ಟೋ ಸಲ ಹಳಬರು ಮನೆ ಸೇರಿದ ಮೇಲೂ ಗೊತ್ತಾಗುವುದಿಲ್ಲ.

ಅಂಗಡಿ ಇಟ್ಟವರಿಗೆ, ಬಸ್ಸಿಗೆ ಕಾಯೋರಿಗೆ ಈ ಗೊಡವೆ ಯಾಕೆ ಅಂತೀರಾ? ಇದೆ ಸ್ವಾಮಿ. ನಿಮ್ಮ ಮಗಳ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಬೀಳೋದು ಕುಲಪತಿಗಳ ಸಹಿ. ಪಾಠ ಏನು, ಪರೀಕ್ಷೆ ಹೇಗೆ, ಯಾವ ಕಾಲೇಜಿಗೆ ಮಾನ್ಯತೆ, ಖಾಲಿ ಬಿದ್ದ ಮೇಷ್ಟ್ರ ಹುದ್ದೆಗೆ ಯಾರು, ಇವೆಲ್ಲ ತೀರ್ಮಾನವಾಗುವ ಸಿಂಡಿಕೇಟ್, ಅಕಾಡೆಮಿಕ್ ಕೌನ್ಸಿಲ್ ಸಭೆಗಳಲ್ಲಿ ಅಧ್ಯಕ್ಷರ ಕುರ್ಚಿ ಅವರದೇ. ಅವರಿಲ್ಲದಾಗ ಹಿರಿಯ ಡೀನ್ ಒಬ್ಬರು ಹಂಗಾಮಿಯಾಗಿ ಕೂರುತ್ತಾರೆ. ಅವರೇನೂ ಕಡಿಮೆ ಓದಿದವರಲ್ಲ. ಆದರೆ ನಾಳೆ ಎದ್ದು ಹೋಗಬೇಕಾದವರು ದೊಡ್ಡ ಫೈಲಿಗೆ ಯಾಕೆ ಕೈ ಹಾಕುತ್ತಾರೆ? ‘ಹೊಸಬರು ಬರಲಿ, ನೋಡೋಣ’ ಅಂತ ಪಕ್ಕಕ್ಕಿಡುತ್ತಾರೆ. ಯಜಮಾನರು ಊರಿಗೆ ಹೋದಾಗ ಗಲ್ಲಾದ ಮೇಲೆ ಕೂತ ಹುಡುಗ ದಿನದ ವ್ಯಾಪಾರ ಮಾಡುತ್ತಾನೆ, ಹೊಸ ಮಾಲಿಗೆ ಆರ್ಡರ್ ಹಾಕುವುದಿಲ್ಲ. ಹಾಗೇ ಇದು.

ಇಲ್ಲೊಂದು ಹೆಸರಿನ ಗೊಂದಲ ಬಗೆಹರಿಸಿಬಿಡೋಣ. ಹಿಂದೆ ಈ ಹುದ್ದೆಗೆ ‘ಉಪಕುಲಪತಿ’ ಅನ್ನುತ್ತಿದ್ದರು. ಈಗ ‘ಕುಲಪತಿ’. ಮೇಲೆ ಕೂತ ರಾಜ್ಯಪಾಲರು ‘ಕುಲಾಧಿಪತಿ’. ‘ಉಪ’ ಹೋಯಿತು, ಅಧಿಕಾರ ಏನೂ ಹೆಚ್ಚಲಿಲ್ಲ.

ಆರಿಸೋದು ಯಾರು?

2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಮೊದಲು ನಾಲ್ಕು ಜನರ ಶೋಧನಾ ಸಮಿತಿ ಆಗಬೇಕು. ಒಬ್ಬರನ್ನು ರಾಜ್ಯಪಾಲರು, ಒಬ್ಬರನ್ನು ಯುಜಿಸಿ, ಒಬ್ಬರನ್ನು ರಾಜ್ಯ ಸರ್ಕಾರ, ಇನ್ನೊಬ್ಬರನ್ನು ವಿಶ್ವವಿದ್ಯಾಲಯದ ಸಿಂಡಿಕೇಟ್ ಕಳಿಸಬೇಕು. ಸಮಿತಿ ಬಂದ ಅರ್ಜಿಗಳನ್ನೆಲ್ಲ ಜರಡಿ ಹಿಡಿದು ಮೂರು ಹೆಸರು ಕೊಡಬೇಕು. ಅದೂ ಅಕ್ಷರಾನುಕ್ರಮದಲ್ಲಿ, ಒಂದನೇ ನಂಬರ್ ಎರಡನೇ ನಂಬರ್ ಅಂತ ಇಲ್ಲ. ಆ ಮೂವರಲ್ಲಿ ಒಬ್ಬರನ್ನು ರಾಜ್ಯಪಾಲರು ನೇಮಿಸುತ್ತಾರೆ, ಆದರೆ ರಾಜ್ಯ ಸರ್ಕಾರದ ಸಹಮತ ಬೇಕು.

ಗಂಟು ಇರುವುದೇ ಈ ಕೊನೇ ಮಾತಿನಲ್ಲಿ. ಇದು ಎರಡು ಬೀಗದ ಗೋದಾಮು. ಒಂದು ಕೀಲಿ ರಾಜಭವನದಲ್ಲಿ, ಇನ್ನೊಂದು ವಿಧಾನಸೌಧದಲ್ಲಿ. ಇಬ್ಬರೂ ಒಟ್ಟಿಗೆ ಬಂದು ತಿರುಗಿಸಿದರೇ ಬಾಗಿಲು ತೆಗೆಯೋದು. ಬೆಂಗಳೂರಿನಲ್ಲೂ ದೆಹಲಿಯಲ್ಲೂ ಒಂದೇ ಪಕ್ಷವಿದ್ದರೆ ಫೋನಿನಲ್ಲೇ ಮುಗಿಯಬಹುದು. ಬೇರೆ ಬೇರೆ ಇದ್ದರೆ ಒಬ್ಬರು ಎ ಅಂದಾಗ ಇನ್ನೊಬ್ಬರು ಬಿ ಅನ್ನುತ್ತಾರೆ. ಯಾರ ಜಾತಿ, ಯಾರ ಕಡೆಯವರು, ಯಾವ ಮಠದ ಶಿಫಾರಸು ಅನ್ನೋ ಲೆಕ್ಕ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ, ಟೀ ಅಂಗಡಿಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಇದೆ.

ಈ ಕೀಲಿ ಜಗಳ ಈಗೀಗ ಬಹಿರಂಗಕ್ಕೇ ಬಂದಿದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಲಿ ಅನ್ನುವ ಮಸೂದೆ 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ಬಂತು. ಮರು ತಿಂಗಳೇ, 2025ರ ಜನವರಿಯಲ್ಲಿ, ಯುಜಿಸಿ ಹೊಸ ನಿಯಮದ ಕರಡು ಹೊರಬಿತ್ತು. ಅದರಲ್ಲಿ ಶೋಧನಾ ಸಮಿತಿಗೆ ಮೂರೇ ಜನ. ರಾಜ್ಯ ಸರ್ಕಾರದ ಕಡೆಯವರಿಗೆ ಜಾಗವಿಲ್ಲ. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಮಂತ್ರಿಗಳು ಬೆಂಗಳೂರಿನಲ್ಲಿ ಸಭೆ ಸೇರಿ ಆಗೋದಿಲ್ಲ ಅಂದರು. ಒಬ್ಬರು ಆ ಕೀಲಿ ಕಿತ್ತುಕೊಳ್ಳೋಣ ಅಂತಾರೆ, ಇನ್ನೊಬ್ಬರು ಈ ಕೀಲಿ. ಗೋದಾಮಿನೊಳಗಿನ ಮಾಲು ಕೆಡುತ್ತಿದೆಯೇ ಅಂತ ನೋಡುವವರು ಯಾರು?

ಕೋರ್ಟಿನ ಏಟು

ಅವಸರದಲ್ಲಿ ತಮಗೆ ಬೇಕಾದವರನ್ನು ಕೂರಿಸಿದರೂ ಉಳಿಯುವುದಿಲ್ಲ. 2018ರ ಯುಜಿಸಿ ನಿಯಮದ ಪ್ರಕಾರ ಪ್ರೊಫೆಸರಾಗಿ ಹತ್ತು ವರ್ಷದ ಅನುಭವ ಬೇಕು, ಸಮಿತಿಯಲ್ಲಿ ಯುಜಿಸಿ ಪ್ರತಿನಿಧಿ ಬೇಕು, ಸಮಿತಿಯವರಿಗೆ ಆ ವಿಶ್ವವಿದ್ಯಾಲಯದ ನಂಟಿರಬಾರದು. 2022ರ ಮಾರ್ಚಿನಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ಸುಪ್ರೀಂ ಕೋರ್ಟು ಯುಜಿಸಿ ನಿಯಮ ಪಾಲಿಸಿಲ್ಲವೆಂದು ರದ್ದು ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕೇರಳದ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಸರದಿ. ಅಲ್ಲಿ ಸಮಿತಿ ಒಂದೇ ಒಂದು ಹೆಸರು ಕಳಿಸಿತ್ತು! 2023ರ ನವೆಂಬರಿನಲ್ಲಿ ಕಣ್ಣೂರು: ಮರುನೇಮಕದಲ್ಲಿ ಸರ್ಕಾರ ಅನಗತ್ಯವಾಗಿ ಕೈಯಾಡಿಸಿದೆ, ಕುಲಾಧಿಪತಿ ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಿಲ್ಲ ಅಂತ ಅದೂ ಬಿತ್ತು. ಅಂದರೆ ತಡ ಮಾಡಿದರೂ ಕೇಡು, ಅಡ್ಡದಾರಿ ಹಿಡಿದರೂ ಕೇಡು.

ಆರಿಸುವಾಗ ಕಣ್ಣು ನೆಟ್ಟಗಿದ್ದರೆ ಏನಾಗುತ್ತದೆ ಅಂತ ಮೈಸೂರಿನವರಿಗೆ ಬೇರೆಯವರು ಹೇಳಬೇಕಿಲ್ಲ. 1916ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿ. ಅವರಾದ ಮೇಲೆ ನಾಲ್ವಡಿಯವರ ಕಾಲದಲ್ಲಿ ಕಲ್ಕತ್ತದ ಬ್ರಜೇಂದ್ರನಾಥ ಸೀಲರನ್ನು ಕರೆಸಿದರು. ತತ್ತ್ವಶಾಸ್ತ್ರದ ದೊಡ್ಡ ತಲೆ, 1921ರಿಂದ 1930ರವರೆಗೆ ಇಲ್ಲಿದ್ದರು. ಊರಿನವರಲ್ಲ, ನಮ್ಮ ಭಾಷೆಯವರಲ್ಲ ಅನ್ನೋದು ಅಡ್ಡ ಬರಲಿಲ್ಲ. 1956ರಲ್ಲಿ ಕುವೆಂಪು ಬಂದರು. ಮಹಾರಾಜ ಕಾಲೇಜಿನಲ್ಲೇ ಓದಿ ಅಲ್ಲೇ ಪಾಠ ಹೇಳಿದವರು. ಅವರಿದ್ದದ್ದು 1960ರವರೆಗೆ, ಬರೀ ನಾಲ್ಕು ವರ್ಷ. ಕುಕ್ಕರಹಳ್ಳಿ ಕೆರೆ ಪಕ್ಕದ ಮಾನಸಗಂಗೋತ್ರಿ ಅವರ ಕನಸು, ಆ ಹೆಸರೂ ಅವರದೇ. ಇವತ್ತು ಅಲ್ಲಿಗೆ ಹೋಗುವ ಸಿಟಿ ಬಸ್ಸಿನ ಬೋರ್ಡು ಓದುವಾಗ ಈ ನಾಲ್ಕು ವರ್ಷ ನೆನಪಿರಲಿ. ಧಾರವಾಡದಲ್ಲಿ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಹದಿಮೂರು ವರ್ಷ ನಿಂತು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ವಿಶ್ವವಿದ್ಯಾಲಯ ಕಟ್ಟಿದರು. ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ಹೋದರು.

ಹದಿಮೂರು ವರ್ಷ ಈಗ ಯಾರಿಗೂ ಸಿಗುವುದಿಲ್ಲ, ಸಿಗಬೇಕು ಅಂತಲೂ ನಾವು ಹೇಳುತ್ತಿಲ್ಲ. ಈಗಿನ ಅವಧಿ ನಾಲ್ಕು ವರ್ಷ. ಅದಕ್ಕೆ ಮೊದಲು ಆರು ತಿಂಗಳು ಹಂಗಾಮಿಯವರು ಕೂತರೆ, ಹೊಸಬರು ಬಂದು ಫೈಲು ಅರ್ಥ ಮಾಡಿಕೊಳ್ಳೋಕೆ ಇನ್ನಾರು ತಿಂಗಳು. ಕೊನೇ ಆರು ತಿಂಗಳು ‘ಹೇಗೂ ಹೋಗುವವರು’ ಅಂತ ಯಾರೂ ಮಾತು ಕೇಳುವುದಿಲ್ಲ. ಕೂಡಿ ಕಳೆದು ನೋಡಿ. ಮೂರು ವರ್ಷದ ಡಿಗ್ರಿಗೆ ಸೇರಿದ ಹುಡುಗ ಅರ್ಧ ಓದು ಇಂಥ ಕಾಲದಲ್ಲೇ ಮುಗಿಸಿ ಹೋಗುತ್ತಾನೆ.

ಇದನ್ನು ಸರಿ ಮಾಡೋಕೆ ಹೊಸ ಕಾಯ್ದೆಯೇ ಬೇಕಿಲ್ಲ. ಕುಲಪತಿಗಳು ಅಧಿಕಾರ ವಹಿಸಿಕೊಂಡ ದಿನವೇ ಉನ್ನತ ಶಿಕ್ಷಣ ಇಲಾಖೆಯ ಗುಮಾಸ್ತರೊಬ್ಬರು ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಬಹುದು: ಮುಗಿಯುವುದು ಇಂಥ ದಿನ, ಅದಕ್ಕೆ ಆರು ತಿಂಗಳ ಮೊದಲು ನಾಲ್ಕೂ ಕಡೆಗೆ ‘ಸಮಿತಿಗೆ ಹೆಸರು ಕಳಿಸಿ’ ಅಂತ ಪತ್ರ. ಖರ್ಚು ನಾಲ್ಕು ಕವರು, ನಾಲ್ಕು ಸ್ಟಾಂಪು.

ಕೇಳುವವರು ಬೇಕಷ್ಟೆ. ವಿಧಾನ ಪರಿಷತ್ತಿಗೆ ದಕ್ಷಿಣ ಪದವೀಧರರ ಕ್ಷೇತ್ರದಿಂದ ಒಬ್ಬರು ಹೋಗುತ್ತಾರೆ, ದಕ್ಷಿಣ ಶಿಕ್ಷಕರ ಕ್ಷೇತ್ರದಿಂದ ಇನ್ನೊಬ್ಬರು. ಡಿಗ್ರಿ ಮಾಡಿ ಅಂಗಡಿ ನೋಡಿಕೊಳ್ಳುವವರು ಸಂತೇಪೇಟೆಯಲ್ಲೇ ಎಷ್ಟು ಜನ ಇಲ್ಲ! ಮುಂದಿನ ಸಲ ಅವರು ಕೈ ಮುಗಿದು ಅಂಗಡಿ ಮುಂದೆ ನಿಂತಾಗ ಇಷ್ಟೇ ಕೇಳಿ: ‘ಈಗಿನ ಕುಲಪತಿಗಳ ಅವಧಿ ಯಾವತ್ತಿಗೆ ಮುಗಿಯುತ್ತೆ ಸಾರ್? ಸಮಿತಿ ಆಯ್ತಾ?’