ಯಾರ್ಕ್‌ಟೌನಿನಿಂದ ಭೀಮಾತೀರಕ್ಕೆ

“ಸರ, ಅಮೆರಿಕದ ಲಡಾಯಿಗೂ ನಮ್ಮ ಜೇವರ್ಗಿಗೂ ಏನ್ರಿ ಸಂಬಂಧ?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. “ಏನೂ ಇಲ್ಲಪ್ಪಾ” ಎಂದು ಪಾಠ ಮುಂದುವರಿಸಿದೆ. ಸಂಜೆ ಕಟ್ಟಿಸಂಗಾವಿಯ ಭೀಮಾ ಸೇತುವೆಯ ಮೇಲೆ ನಿಂತಾಗ, ಆತುರದಲ್ಲಿ ಸುಳ್ಳು ಹೇಳಿದೆನೆನಿಸಿತು.

1781ರ ಅಕ್ಟೋಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಫ್ರೆಂಚರಿಗೂ ಶರಣಾಯಿತು. ಅದೇ ಕಾಲಕ್ಕೆ ಇಲ್ಲಿ ಹೈದರಾಲಿಯೂ ಇಂಗ್ಲಿಷರೊಡನೆ ಕಾದುತ್ತಿದ್ದ. ಅವನಿಗೂ ಫ್ರೆಂಚರೇ ಮಿತ್ರರು. 1783ರಲ್ಲಿ ಯುರೋಪಿನ ಸಂಧಾನದ ವಾರ್ತೆ ಬಂದೊಡನೆ, ಮಂಗಳೂರು ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಪಾಳೆಯದಿಂದ ಫ್ರೆಂಚರು ಹಿಂದೆಗೆದರು. ಅಮೆರಿಕಕ್ಕೆ ಸ್ವಾತಂತ್ರ್ಯ ತಂದ ಸಂಧಾನವೇ ಮೈಸೂರಿನ ಬಲಗೈಯನ್ನು ಕಸಿಯಿತು.

ಅಲ್ಲಿ ಸೋತ ಸೇನಾನಿ 1786ರಲ್ಲಿ ಗವರ್ನರ್ ಜನರಲನಾಗಿ ಇಲ್ಲಿಗೆ ಬಂದ. ಅಮೆರಿಕದ ಸಮರದಲ್ಲಿ ಇಂಗ್ಲೆಂಡು ಮಿತ್ರರಿಲ್ಲದೆ ಒಂಟಿಯಾಗಿತ್ತು. ಇಲ್ಲಿ ಅವನು ಟಿಪ್ಪುವನ್ನೇ ಒಂಟಿಯಾಗಿಸಿದ. 1790ರಲ್ಲಿ ನಿಜಾಮನನ್ನೂ ಮರಾಠರನ್ನೂ ತನ್ನ ಕಡೆಗೆ ಸೆಳೆದುಕೊಂಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ತೆತ್ತ; ಗೆದ್ದ ಮೂವರೂ ಅದನ್ನು ಹಂಚಿಕೊಂಡರು.

ಆದರೆ ನಿಜಾಮನಿಗೆ ದೊರೆತ ಪಾಲು ನಿಲ್ಲಲಿಲ್ಲ. 1798ರಲ್ಲಿ ಅವನು ಫ್ರೆಂಚರು ತರಬೇತು ಮಾಡಿದ್ದ ತನ್ನ ಸೇನೆಯನ್ನು ವಿಸರ್ಜಿಸಿ ಕುಂಪಣಿಯ ಸೇನೆಯ ಆಶ್ರಯಕ್ಕೆ ಬಂದ. ಮರುವರ್ಷ ಟಿಪ್ಪು ಮಡಿದ. 1800ರಲ್ಲಿ, ಆ ಸೇನೆಯ ವೆಚ್ಚಕ್ಕಾಗಿ, ಮೈಸೂರಿನಿಂದ ಪಡೆದ ಬಳ್ಳಾರಿಯ ಸೀಮೆಯನ್ನು ನಿಜಾಮ ಕುಂಪಣಿಗೇ ಒಪ್ಪಿಸಿದ. ಸೀಮೆ ಕೊಟ್ಟು ಸಿಂಹಾಸನವನ್ನು ಉಳಿಸಿಕೊಂಡ ಎನ್ನಬಹುದು.

ಇದಕ್ಕೆಲ್ಲ ಅಮೆರಿಕದ ಯುದ್ಧವೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಪರಿಣಾಮ ನಮ್ಮ ಕಣ್ಣೆದುರಿಗಿದೆ. ಬಳ್ಳಾರಿ ಮದರಾಸಿಗೆ ಸೇರಿತು; ವಿಜಾಪುರ ಕಾಲಕ್ರಮದಲ್ಲಿ ಮುಂಬಯಿಗೆ; ಆಳಂದ, ಅಫಜಲಪುರ, ಜೇವರ್ಗಿಗಳು ಇಂಗ್ಲಿಷರ ಬಲದಿಂದ ನಿಂತ ನಿಜಾಮನ ರಾಜ್ಯದಲ್ಲಿ ಉಳಿದವು. ಅಫಜಲಪುರದ ಬಳಿ ನದಿಯ ಎರಡು ದಡಗಳಲ್ಲಿ ಒಂದೇ ಭಾಷೆ, ಎರಡು ಸರಕಾರ. ನಮ್ಮ ಹಿರಿಯರಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. 1947ರ ಆಗಸ್ಟಿನಲ್ಲಿ ಆಚೆ ದಡಕ್ಕೆ ಬಂದ ಸ್ವಾತಂತ್ರ್ಯ ಈಚೆ ದಡ ತಲುಪಿದ್ದು 1948ರ ಸೆಪ್ಟೆಂಬರ್ 17ರಂದು. ಒಡೆದ ಕನ್ನಡ ಸೀಮೆಗಳು ಕೂಡಿದ್ದು 1956ರ ನವೆಂಬರ್ 1ರಂದು.

ಮರುದಿನ ತರಗತಿಯಲ್ಲಿ ಮೊದಲು ನನ್ನ ಉತ್ತರವನ್ನು ತಿದ್ದಿಕೊಂಡೆ. ಎಲ್ಲವನ್ನೂ ಕೇಳಿದ ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ನುಡಿದ: “ಹಂಗಾದ್ರ, ನಮ್ಮ ಹೊಳಿ ದಾಟಾಕ ಸ್ವಾತಂತ್ರ್ಯಕ್ಕ ವರ್ಷದ ಮ್ಯಾಲ ಹಿಡೀತೇನ್ರಿ, ಸರ?”