ನಿಮಗಿದು ಗೊತ್ತೆ? ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಸುಗಂಧ

ಅತ್ತರಿನ ಪರಿಮಳವನ್ನು ಮೈಯ ಮೇಲೆ ಬಹುಕಾಲ ಹಿಡಿದು ನಿಲ್ಲಿಸುವ ಅಂಬರ್‌ಗ್ರೀಸ್ ಎಂಬ ಅಮೂಲ್ಯ ದ್ರವ್ಯವು ಜನಿಸುವುದು ಯಾವ ಪುಷ್ಪದಲ್ಲಿಯೂ ಅಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಅದು ನುಂಗಿದ ಸ್ಕ್ವಿಡ್‌ಗಳ ಜೀರ್ಣವಾಗದ ಕೊಕ್ಕುಗಳ ಸುತ್ತ! ಹೊರಬಿದ್ದಾಗ ದುರ್ಗಂಧಮಯವಾದ ಈ ಕಪ್ಪು ಮುದ್ದೆಯು ವರ್ಷಾನುವರ್ಷ ಉಪ್ಪುನೀರಿನಲ್ಲಿ ತೇಲುತ್ತ, ಬಿಸಿಲಿಗೆ ಬೆಳ್ಳಗಾಗುತ್ತ, ಕ್ರಮೇಣ ಸೌಮ್ಯವಾದ ಸುವಾಸನೆಯನ್ನು ತಾಳುತ್ತದೆ.

ಕಡಲ ದಡದಲ್ಲಿ ತಾನಾಗಿ ಸಿಕ್ಕಿದ್ದನ್ನು ಆಯ್ದುಕೊಂಡರೆ ಯಾವ ಜೀವಕ್ಕೆ ಹಾನಿಯೆಂದು ನೈಸರ್ಗಿಕ ಸುಗಂಧದ ಅಭಿಮಾನಿಗಳು ವಾದಿಸುವುದುಂಟು. ಬ್ರಿಟನ್ನಿನಲ್ಲಿ ಹಾಗೆ ಆಯ್ದು ಮಾರುವುದು ಅಪರಾಧವೂ ಅಲ್ಲ. ಆದರೆ ತಿಮಿಂಗಿಲ ಬೇಟೆಯ ದಿನಗಳಲ್ಲಿ ಕೊಂದ ಪ್ರಾಣಿಯ ಉದರವನ್ನು ಸೀಳಿ ಇದೇ ದ್ರವ್ಯವನ್ನು ಅರಸುತ್ತಿದ್ದರೆಂಬುದನ್ನೂ, ಬೆಲೆಯುಳ್ಳಲ್ಲಿ ದುರಾಸೆಯು ತಪ್ಪದೆಂಬುದನ್ನೂ ನೆನೆದಾಗ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಭಾರತದಲ್ಲಿ, ದಡದಲ್ಲಿ ದೊರೆತುದನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿರುವುದು ಸರ್ವಥಾ ಯುಕ್ತವೆಂದೇ ಹೇಳಬೇಕು. ಇದರಿಂದ ಸುಗಂಧಪ್ರಿಯರಿಗೆ ನಷ್ಟವೂ ಇಲ್ಲ: ಅಂಬರ್‌ಗ್ರೀಸಿನ ಪರಿಮಳಕ್ಕೆ ಮುಖ್ಯ ಕಾರಣವಾದ ರಾಸಾಯನಿಕವನ್ನು ಈಗ ಕ್ಲೇರಿ ಸೇಜ್ ಎಂಬ ಗಿಡದ ಸತ್ತ್ವದಿಂದಲೇ ತಯಾರಿಸುತ್ತಾರೆ.