ಮುಂದ ಅಂಗಡಿ, ಹಿಂದ ಮನಿ: ಉತಾರದಾಗ ಏನೈತಿ?

ನವಿಲುತೀರ್ಥ: ಸವದತ್ತಿಯಿಂದ ನವಿಲುತೀರ್ಥದ ಮೇಲೆ ಮುನವಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಗೊತ್ತು, ಈ ಭಾಗದಲ್ಲಿ ಮನೆ ಯಾವುದು, ಅಂಗಡಿ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಕಟ್ಟೆಯ ಮೇಲೆ ಕಿರಾಣಿ, ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಒಳಗೆ ಸಂಸಾರ. ರಾಮದುರ್ಗಕ್ಕೆ ಹೋದರೆ ಮಗ್ಗವೇ ಮನೆಯೊಳಗೆ. ಅಜ್ಜ-ಮುತ್ತಜ್ಜರ ಕಾಲದ ಪದ್ಧತಿ ಇದು. ಬಾಡಿಗಿ ಉಳೀತು, ಕಾವಲೂ ಆತು!

ಆದರೆ ಸರ್ಕಾರದ ಕಾಗದ ಕೇಳುವುದು ಒಂದೇ ಪ್ರಶ್ನೆ: ಈ ಜಾಗ ವಾಸಕ್ಕೋ, ವ್ಯಾಪಾರಕ್ಕೋ?

ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಮಾತು ಬೇರೆಯಾಗಿದೆ. ಉತ್ತರ ಪ್ರದೇಶದ ಮೀರತ್‌ನಲ್ಲಿ ವಾಸಕ್ಕೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳೆದ್ದಿದ್ದವು. ವರ್ಷಗಟ್ಟಲೆ ವ್ಯಾಪಾರ ನಡೆದಿತ್ತು. ಹಳೆಯದಾದ ಮಾತ್ರಕ್ಕೆ ಅಕ್ರಮ ಸಕ್ರಮವಾಗದು ಎಂದ ಕೋರ್ಟು, ಕೆಡವಬೇಕೆಂಬ ಹೈಕೋರ್ಟ್ ಆದೇಶವನ್ನೇ ಎತ್ತಿ ಹಿಡಿಯಿತು. 2025ರ ಅಕ್ಟೋಬರಿನಲ್ಲಿ ಕಟ್ಟಡ ನೆಲಕ್ಕುರುಳಿತು.

ಮೀರತ್ ದೂರ ಇದೆ ಎಂದು ಸುಮ್ಮನಿರುವಂತಿಲ್ಲ. ಅದೇ ತೀರ್ಪು ಇಡೀ ದೇಶಕ್ಕೆ ನಿರ್ದೇಶನ ಕೊಟ್ಟಿದೆ. ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು. ಬ್ಯಾಂಕಿನವರು ಅದನ್ನು ಪರೀಕ್ಷಿಸಿಯೇ ಸಾಲ ಕೊಡಬೇಕು. ಅಕ್ರಮ ಕಟ್ಟಡದಲ್ಲಿ ವ್ಯಾಪಾರ ಮಾಡಲು ಪರವಾನಿಗೆ ಕೊಡಬಾರದು. 2025ರಲ್ಲಿ ನಮ್ಮ ರಾಜ್ಯದಲ್ಲೂ ಹೊಸ ಮೀಟರಿಗೆ ಈ ಪತ್ರ ಕೇಳುವುದು ಶುರುವಾಯಿತು. ಕೂಗು ಎದ್ದ ಮೇಲೆ 1200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸಡಿಲಿಕೆ ಕೊಡುವ ತೀರ್ಮಾನ ಸಚಿವ ಸಂಪುಟದಲ್ಲಿ ಆಯಿತು. ಗಮನಿಸಬೇಕಾದ್ದು, ಸಡಿಲಿಕೆಯ ಮಾತು ಬಂದದ್ದು ವಾಸದ ಮನೆಗೆ. ಅಂಗಡಿಗಲ್ಲ.

ಹಾಗಾದರೆ ಮನೆಯಲ್ಲಿ ಅಂಗಡಿ ಇಡುವುದೇ ತಪ್ಪೇ? ಖಂಡಿತ ಅಲ್ಲ. ನೋಡಬೇಕಾದ್ದು ಮೂರು ಸಂಗತಿ.

ಮೊದಲನೆಯದು ಜಾಗ. ಹಳೆಯ ಗಾವಠಾಣದೊಳಗಿನ ಮನೆಗೆ ಬಿನ್‌ಶೇತಕಿ ಪ್ರಶ್ನೆ ಬರುವುದಿಲ್ಲ. ಹೊಲ ಒಡೆದು ಮಾಡಿದ ಪ್ಲಾಟಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಆದೇಶ ಬೇಕು. ಅದರಲ್ಲಿ ವಾಸಕ್ಕೆ ಅಥವಾ ವಾಣಿಜ್ಯಕ್ಕೆ ಎಂದು ಸ್ಪಷ್ಟ ಬರೆದಿರುತ್ತದೆ. ಪ್ಲಾಟು ಕೊಳ್ಳುವವರು ದರ ನೋಡುತ್ತಾರೆ, ಆ ಒಂದು ಶಬ್ದ ನೋಡುವುದಿಲ್ಲ. ಎಡವಟ್ಟು ಆಗುವುದು ಅಲ್ಲೇ.

ಎರಡನೆಯದು ನಕಾಶೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಹಾಯೋಜನೆ ಆದ ಊರಲ್ಲಿ ವಾಸ, ವಾಣಿಜ್ಯ, ಕೈಗಾರಿಕೆ ಎಂದು ವಲಯ ಹಂಚಿರುತ್ತಾರೆ. ವಾಸದ ವಲಯದಲ್ಲೂ ವೈದ್ಯರ ಕೋಣೆ, ಟೇಲರಿಂಗ್, ದಿನಸಿಯ ಸಣ್ಣ ಅಂಗಡಿಗೆ ಅವಕಾಶ ಇರುವುದುಂಟು. ರಸ್ತೆಯ ಅಗಲ, ಅಂಗಡಿಯ ಅಳತೆ ಮಾತ್ರ ನಿಯಮ ಮೀರಬಾರದು. ಬಳಕೆ ಬದಲಿಸಬೇಕಾದರೆ 14-ಎ ಕಲಮಿನ ದಾರಿ ಇದೆ.

ಮೂರನೆಯದು ಪರವಾನಿಗೆ. ಸವದತ್ತಿ, ಮುನವಳ್ಳಿ, ರಾಮದುರ್ಗ, ಬೈಲಹೊಂಗಲದಲ್ಲಿ ಪುರಸಭೆ, ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಕರ ತುಂಬಿದ ಪಾವತಿ ಕಟ್ಟಡದ ಪರವಾನಿಗೆ ಆಗುವುದಿಲ್ಲ. ‘ವರ್ಷಾ ಪಟ್ಟಿ ತುಂಬತೀವ್ರಿ ಸಾಹೇಬ್ರ’ ಎಂದರೆ ಕೋರ್ಟು ಕೇಳುವುದಿಲ್ಲ.

ಊರಿನವರೂ ಸರ್ಕಾರವೂ ಕೂಡಿದರೆ ದಾರಿ ಇದೆ ಎಂಬುದಕ್ಕೆ ದಿಲ್ಲಿ ಸಾಕ್ಷಿ. 2006ರಲ್ಲಿ ಅಲ್ಲಿ ವಾಸದ ಓಣಿಗಳ ಅಂಗಡಿಗಳಿಗೆ ಬೀಗಮುದ್ರೆ ಬಿತ್ತು, ವ್ಯಾಪಾರಸ್ಥರು ಬೀದಿಗಿಳಿದರು. 2007ರ ಫೆಬ್ರುವರಿಯಲ್ಲಿ ಬಂದ ಮಹಾಯೋಜನೆ ಕೆಲವು ರಸ್ತೆಗಳನ್ನು ಮಿಶ್ರ ಬಳಕೆಗೆ ಸೇರಿಸಿತು. ದಿನಬಳಕೆಯ ಸಾಮಾನಿನ 20 ಚದರ ಮೀಟರಿನೊಳಗಿನ ಅಂಗಡಿ ಮನೆಯ ನೆಲಮಹಡಿಯಲ್ಲಿ ಇರಬಹುದೆಂದಿತು.

ನೆರೆಯವರ ಮಾತನ್ನೂ ಮರೆಯಬಾರದು. ಬೆಂಗಳೂರಿನ 2007ರ ಮಹಾಯೋಜನೆ ಮಿಶ್ರ ಬಳಕೆಗೆ ಬಾಗಿಲು ತೆರೆದಾಗ ಅಲ್ಲಿನ ನಿವಾಸಿಗಳು ಹೈಕೋರ್ಟಿನವರೆಗೆ ಹೋದರು. ಓಣಿಯಲ್ಲಿ ಗಾಡಿ ನಿಲ್ಲಲು ಜಾಗ ಇಲ್ಲ, ರಾತ್ರಿ ನಿದ್ದೆ ಇಲ್ಲ ಎಂಬ ತಕರಾರು ಸುಳ್ಳಲ್ಲ. ಕಿರಾಣಿ ಅಂಗಡಿ ಬೇರೆ, ಹಿಟ್ಟಿನ ಗಿರಣಿ ಬೇರೆ, ಹಗಲೂ ರಾತ್ರಿ ಸದ್ದು ಮಾಡುವ ಪವರ್‌ಲೂಮ್ ಬೇರೆ. ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದು.

ಹೊಳೆಯ ದಂಡೆಗೆ ಇನ್ನೊಂದು ಎಚ್ಚರ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದಲ್ಲಿ ನೀರು ಮನೆಗೂ ನುಗ್ಗಿತು, ಮಗ್ಗಕ್ಕೂ ನುಗ್ಗಿತು. ಎರಡೂ ಒಂದೇ ಸೂರಿನಡಿ ಇದ್ದವರು ವಸತಿ-ಉದ್ಯೋಗ ಎರಡನ್ನೂ ಒಟ್ಟಿಗೇ ಕಳಕೊಂಡರು. ಅಂಥ ಜಾಗದಲ್ಲಿ ಹೊಸ ಅನುಮತಿ ಕೊಡುವಾಗ ನೆರೆಯ ಗುರುತು ನೋಡಲೇಬೇಕು.

ಈಗ ಆಗಬೇಕಾದ್ದು ಇಷ್ಟೇ. ನಕಾಶೆ ತಯಾರಿಸುವಾಗ, ತಿದ್ದುವಾಗ ಪೇಟೆ ರಸ್ತೆಗಳನ್ನು ಮಿಶ್ರ ಬಳಕೆಯೆಂದು ಮೊದಲೇ ಬರೆಯಬೇಕು. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಗಡುವು ಇರುತ್ತದೆ. ಆಗ ವ್ಯಾಪಾರಸ್ಥರು ಸುಮ್ಮನೆ ಕೂತು, ನೋಟೀಸು ಬಂದ ಮೇಲೆ ಮುಖಂಡರ ಮನೆ ಹುಡುಕುತ್ತ ಓಡಾಡಿದರೆ ಪ್ರಯೋಜನವಿಲ್ಲ. ಇವತ್ತು ಸಂಜೆ ಅಂಗಡಿ ಮುಚ್ಚುವ ಮುನ್ನ ಟ್ರಂಕಿನೊಳಗಿನ ಉತಾರ ಒಮ್ಮೆ ತೆಗೆದು ಓದಿ. ವಾಸಕ್ಕೆ ಎಂದಷ್ಟೇ ಇದ್ದರೆ ಪುರಸಭೆ, ಪಂಚಾಯಿತಿ ಮೆಟ್ಟಿಲು ಈಗಲೇ ಹತ್ತುವುದು ಒಳ್ಳೆಯದು.